ಆಕಳಿಗೆ 70, ಮುತ್ಯಾಗೆ 40

ಉದ್ಘಾಟನೆಯ ದಿನವೇ "ಇದು ಬೇಗ ಮುಚ್ಚಲಿ" ಎಂದು ಹರಕೆ ಹೊರುವ ಕಟ್ಟಡ ನಮ್ಮಲ್ಲಿ ಒಂದೇ ಒಂದು: ವೃದ್ಧಾಶ್ರಮ. ಶಾಲೆಯ ರಿಬ್ಬನ್ ಕತ್ತರಿಸಿದವರು ಮಕ್ಕಳು ಬಾರದಿರಲಿ ಎನ್ನುವುದಿಲ್ಲ. ಬಾರ್ ಉದ್ಘಾಟಿಸಿದವರಂತೂ ಗಿರಾಕಿ ಬಾರದಿರಲಿ ಎಂದು ಕನಸಿನಲ್ಲೂ ಅನ್ನುವುದಿಲ್ಲ. ಆದರೆ ಬೀದರದ ನೌಬಾದಿನಲ್ಲೋ, ಭಾಲ್ಕಿಯ ಹೊಸ ಬಡಾವಣೆಯಲ್ಲೋ ಒಂದು ಬಾಡಿಗೆ ಮನೆಯ ಮುಂದೆ ಶಾಮಿಯಾನ ಹಾಕಿ, ಹತ್ತು ಹದಿನೈದು ಮುದುಕ ಮುದುಕಿಯರನ್ನು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೈಕು ಕೊಟ್ಟರೆ ಸಾಕು, ಮುಖ್ಯ ಅತಿಥಿಗಳ ಬಾಯಿಂದ ಹೊರಡುವ ಮೊದಲ ಮಾತು: "ಇಂಥ ಆಶ್ರಮಗಳು ನಮ್ಮ ಸಂಸ್ಕೃತಿಗೆ ಕಳಂಕ. ಇವು ಇಲ್ಲದ ದಿನ ಬರಲಿ." ಚಪ್ಪಾಳೆ. ತಾವು ಕಳಂಕ ಎಂದು ಈಗಷ್ಟೇ ಗೊತ್ತಾದ ಮುಂದಿನ ಸಾಲಿನವರೂ ಚಪ್ಪಾಳೆ ತಟ್ಟುತ್ತಾರೆ. ಚಾ ಬರುವುದು ಭಾಷಣ ಮುಗಿದ ಮೇಲೆ ತಾನೇ.

ವೇದಿಕೆ ಇಳಿದ ಅತಿಥಿಗಳನ್ನು ಮೆಲ್ಲಗೆ ಕೇಳಿ ನೋಡಿ, "ಸಾಹೇಬ್ರೇ, ತಾಯಿಯವ್ರು ಎಲ್ಲಿರ್ತಾರ?" ಉತ್ತರ ಸಿದ್ಧವಿರುತ್ತದೆ: "ಊರಾಗ ಇರ್ತಾಳ್ರೀ. ಎಷ್ಟು ಕರದ್ರೂ ಬರಲ್ಲ. ಹೊಲ ಮನಿ ಬಿಟ್ಟು ಬರಲ್ಲ ಅಂತಾಳ." ಜಿಲ್ಲೆಯ ತಾಯಂದಿರೆಲ್ಲ ಸಭೆ ಸೇರಿ ಈ ಠರಾವು ಪಾಸು ಮಾಡಿರಬೇಕು. ಪುಣೆಯ ಮಗನೂ, ಹೈದರಾಬಾದಿನ ಮಗನೂ, ಬೆಂಗಳೂರಿನ ಮೂರು ಬೆಡ್‌ರೂಮಿನ ಫ್ಲ್ಯಾಟಿನ ಮಗನೂ ಒಂದಕ್ಷರ ಆಚೀಚೆಯಾಗದಂತೆ ಇದನ್ನೇ ಒಪ್ಪಿಸುತ್ತಾರೆ. ಆ ಮೂರನೆಯ ಬೆಡ್‌ರೂಮಿನಲ್ಲಿ ಯಾರಿರುತ್ತಾರೆ ಎಂದು ಕೇಳಬೇಡಿ. ಅದರಲ್ಲಿ ಟ್ರೆಡ್‌ಮಿಲ್ ಇರುತ್ತದೆ, ಅದರ ಮೇಲೆ ಒಗೆದ ಬಟ್ಟೆ ಇರುತ್ತದೆ.

ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲಿಲ್ಲ ಎನ್ನುವವರು ಒಮ್ಮೆ ಔರಾದ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ಬಸ್ಸಿಳಿದು ನಡೆಯಬೇಕು. ದುಡಿಯುವ ಕೈಗಳು ಹೈದರಾಬಾದಿಗೂ ಪುಣೆಗೂ ಹೋಗಿವೆ. ಓಣಿಯಲ್ಲಿ ಒಂದು ಮನೆಗೆ ಬೀಗ, ಪಕ್ಕದ ಮನೆಗೆ ಒಬ್ಬ ಮುದುಕಿ, ಮತ್ತೊಂದಕ್ಕೆ ಬೀಗ, ಅದರಾಚೆ ಕಣ್ಣಿಗೆ ಪೊರೆ ಬಂದ ಒಬ್ಬ ಮುತ್ಯಾ. ಇವೆಲ್ಲ ವೃದ್ಧಾಶ್ರಮಗಳೇ. ನೋಂದಣಿಯಾಗಿಲ್ಲ ಅಷ್ಟೇ. ಒಂದೊಂದಕ್ಕೂ ಒಬ್ಬರೇ ನಿವಾಸಿ. ಅಡುಗೆಯವಳು, ದಾದಿ, ಕಾವಲುಗಾರ, ಲೆಕ್ಕಿಗ ಎಲ್ಲಾ ಅವರೇ. ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಬೆಳಗ್ಗೆ ಹಾಲಿನವನು ಬರುವವರೆಗೆ ರೋಗಿಯೂ ಅವರೇ, ಆಂಬುಲೆನ್ಸೂ ಅವರೇ. ಎಳ್ಳಮಾಸಿಗೆ ಮಾತ್ರ ಬೀಗಗಳೆಲ್ಲ ತೆರೆಯುತ್ತವೆ. ಕಾರುಗಳು ಬರುತ್ತವೆ, ಹೊಲದಲ್ಲಿ ಭಜ್ಜಿ ಅಂಬಲಿಯ ಊಟವಾಗುತ್ತದೆ, ಮುತ್ಯಾನ ಭುಜದ ಮೇಲೆ ಕೈ ಹಾಕಿ ಸೆಲ್ಫಿಯಾಗುತ್ತದೆ, "ನನ್ನ ಬೇರು" ಎಂದು ಸ್ಟೇಟಸ್ಸೂ ಏರುತ್ತದೆ. ಸ್ಟೇಟಸ್ಸಿನ ಆಯುಷ್ಯ 24 ತಾಸು. ಕಾರು ಅಷ್ಟೂ ನಿಲ್ಲುವುದಿಲ್ಲ.

ಇಬ್ಬರು ಮೂವರು ಗಂಡುಮಕ್ಕಳು ಅಲ್ಲೇ ಸುತ್ತಮುತ್ತ ಇದ್ದರೆ ಸಮಸ್ಯೆ ಬೇರೆ ತರಹದ್ದು. ಹೊಲದ ವಾಟ್ನಿ ಆದ ಮೇಲೆ ಹೆತ್ತವರದ್ದೂ ವಾಟ್ನಿ ಆಗಬೇಕಲ್ಲ. ಅದಕ್ಕೆ ನಮ್ಮ ಕಡೆ ಪಾಳಿ ಹಚ್ಚುತ್ತಾರೆ: ದೊಡ್ಡವನ ಮನೆಯಲ್ಲಿ ಒಂದು ತಿಂಗಳು, ನಡುವಿನವನಲ್ಲಿ ಒಂದು, ಸಣ್ಣವನಲ್ಲಿ ಒಂದು. ಈ ವ್ಯವಸ್ಥೆಯ ಗಣಿತ ಸೂಕ್ಷ್ಮವಾದದ್ದು. ಫೆಬ್ರವರಿ ಯಾರ ಪಾಲಿಗೆ ಬರುತ್ತದೋ ಅವನು ಅದೃಷ್ಟವಂತ. ಮೂವತ್ತೊಂದರ ತಿಂಗಳು ಬಂದವನ ಹೆಂಡತಿ ಕೊನೆಯ ಸಂಜೆಯೇ ಅತ್ತೆಯ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿರುತ್ತಾಳೆ, ಮೂವತ್ತೊಂದನೆಯ ರಾತ್ರಿಯ ಎರಡು ರೊಟ್ಟಿ ಯಾರ ಹಿಟ್ಟಿನಲ್ಲಿ ಆಗಬೇಕು ಎಂಬುದರ ಮೇಲೆ ಓಣಿಯೇ ಎರಡಾಗುತ್ತದೆ. ಅಧಿಕ ಮಾಸ ಬಂದ ವರ್ಷ ಪಂಚಾಂಗ ಹಿಡಿಯಬೇಕೋ ಕ್ಯಾಲೆಂಡರ್ ಹಿಡಿಯಬೇಕೋ ಎಂಬ ಪ್ರಶ್ನೆ ಬೇರೆ. ದೇಹ ಬಿದ್ದ ತಿಂಗಳು ಯಾರ ಪಾಳಿಯೋ ಮಣ್ಣಿನ ಖರ್ಚು ಅವನದು. ಕೆಮ್ಮು ಜೋರಾದರೆ ಅಜ್ಜಿಯನ್ನು ಒಂದು ವಾರ ಮುಂಚಿತವಾಗಿಯೇ ಮುಂದಿನವನ ಮನೆಗೆ ಸಾಗಿಸುವ ದೂರದೃಷ್ಟಿ ಹೀಗೆ ಬಂದದ್ದು.

ಅಕ್ಟೋಬರ್ 1, ವಿಶ್ವಸಂಸ್ಥೆ 1990ರಲ್ಲಿ ಗೊತ್ತುಮಾಡಿದ ಹಿರಿಯರ ದಿನ. ಆ ಹೊತ್ತಿಗೆ ಇಲಾಖೆಯವರು ಹಿರಿಯ ನಾಗರಿಕರಿಗಾಗಿ ಕ್ರೀಡಾಕೂಟ ಏರ್ಪಡಿಸುತ್ತಾರೆ. ಅದರಲ್ಲಿ ಸಂಗೀತ ಕುರ್ಚಿಯ ಆಟವೂ ಇದ್ದರೆ ನಮ್ಮ ಅಜ್ಜಿಯಂದಿರಿಗೆ ತರಬೇತಿ ಬೇಡ. ಹಾಡು ನಿಂತಾಗ ಕೂರಲು ಜಾಗವಿಲ್ಲದಿರುವ ಅನುಭವ ಅವರಿಗೆ ಮನೆಯಲ್ಲೇ ಧಾರಾಳವಾಗಿ ಆಗಿರುತ್ತದೆ.

2023ರ ಆಗಸ್ಟಿನಿಂದ ಈ ಪಾಳಿಯ ಲೆಕ್ಕಕ್ಕೆ ಸರ್ಕಾರವೂ ಒಂದು ತಿರುವು ಕೊಟ್ಟಿತು. ಗೃಹಲಕ್ಷ್ಮಿ ಬಂತು, ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ಹೆಂಗಸಿಗೆ ತಿಂಗಳಿಗೆ 2000 ರೂಪಾಯಿ. ಅತ್ತೆಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಅರವತ್ತೈದು ದಾಟಿದ್ದರೆ ಸಂಧ್ಯಾ ಸುರಕ್ಷೆಯ 1200 ಬೇರೆ, ಒಟ್ಟು 3200. ಅಪ್ಪನಿಗೆ ಬರುವುದು ಬರೀ 1200. ಮೇಲಾಗಿ ಶಕ್ತಿ ಯೋಜನೆಯಲ್ಲಿ ಅವ್ವ ಔರಾದದಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಕ್ಕೆ ಪುಕ್ಕಟೆ ಪ್ರಯಾಣ ಮಾಡಬಲ್ಲಳು, ಮುತ್ಯಾ ಟಿಕೇಟು ತೆಗೆಯಬೇಕು. ಹೀಗಾಗಿ ಐವತ್ತು ವರ್ಷ ಕೂಡಿ ಬಾಳಿದ ಜೋಡಿಯನ್ನು ಬಿಡಿಸಿ, ಅವ್ವನಿಗಾಗಿ ಗಂಡುಮಕ್ಕಳು ಜಗಳಾಡುತ್ತಾರೆ, ಅಪ್ಪ ಉಳಿದವನ ಪಾಲಿಗೆ ಬೀಳುತ್ತಾನೆ. ಸ್ತ್ರೀ ಸಬಲೀಕರಣದ ಬಗ್ಗೆ ಸಂಶಯವಿರುವವರು ಬಂದು ನೋಡಬಹುದು.

ಆ 1200 ಕೂಡ ಸುಮ್ಮನೆ ಕೈಗೆ ಬರುವುದಿಲ್ಲ. ಬೆರಳಚ್ಚು ಹೊಂದಬೇಕು. ಐವತ್ತು ವರ್ಷ ಕಬ್ಬು ಕಡಿದು, ತೊಗರಿ ಕಟ್ಟಿ, ಕಲ್ಲು ಹೊತ್ತ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ, ಅದು ಕೆಂಪು ದೀಪ ತೋರಿಸುತ್ತದೆ. "ಮುತ್ಯಾ, ನೀ ನೀನ ಅಲ್ಲ ಅಂತದ ನೋಡ್ ಇದು." ಮುತ್ಯಾ ಬೆರಳನ್ನು ಧೋತರಕ್ಕೆ ಒರೆಸಿ ಮತ್ತೆ ಒತ್ತುತ್ತಾನೆ. ದುಡಿಮೆಯೇ ಗುರುತನ್ನು ತಿಂದುಹಾಕಿದೆ. ಇದು ಕಾಯಕ ತತ್ವ ಹುಟ್ಟಿದ ಜಿಲ್ಲೆ.

ಈಗ ಆಕಳಿನ ವಿಷಯಕ್ಕೆ ಬರೋಣ, ಬೀದರಕ್ಕೆ ಬಂದು ಜಾನುವಾರು ಬಿಟ್ಟರೆ ಆಗದು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಇಲ್ಲೇ, 2004ರಿಂದ. ದೇವಣಿ ತಳಿಯೆಂದರೆ ನಮಗೆ ಹೆಮ್ಮೆ. 2022ರಲ್ಲಿ, ಔರಾದದ ಶಾಸಕ ಪ್ರಭು ಚವ್ಹಾಣರು ಪಶುಸಂಗೋಪನಾ ಸಚಿವರಾಗಿದ್ದಾಗ, ಪುಣ್ಯಕೋಟಿ ದತ್ತು ಯೋಜನೆ ಬಂತು. ಗೋಶಾಲೆಯ ಒಂದು ರಾಸನ್ನು ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ತೆಗೆದುಕೊಳ್ಳಬಹುದು. ಅಷ್ಟಾಗದವರು ದಿನವೊಂದರ ಮೇವಿಗೆ 70 ರೂಪಾಯಿ ಕೊಡಬಹುದು. ಒಳ್ಳೆಯ ಯೋಜನೆ, ನನ್ನದೇನೂ ತಕರಾರಿಲ್ಲ. ನನ್ನ ಕಷ್ಟ ಭಾಗಾಕಾರದ್ದು. 1200ನ್ನು 30ರಿಂದ ಭಾಗಿಸಿದರೆ 40 ಬರುತ್ತದೆ. ಆಕಳಿನ ದಿನದ ಮೇವಿಗೆ 70, ಮುತ್ಯಾನ ದಿನದ ಊಟ, ಔಷಧ, ಬೀಡಿ, ಮೊಮ್ಮಗಳ ಕೈಗಿಡುವ ಚಿಲ್ಲರೆ ಎಲ್ಲ ಸೇರಿ 40. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನದಲ್ಲಿ ದಿಲ್ಲಿಯ ಪಾಲು ಎಂಬತ್ತು ತುಂಬುವವರೆಗೆ ತಿಂಗಳಿಗೆ 200 ರೂಪಾಯಿ. ಅದನ್ನೂ ಭಾಗಿಸಿ ನೋಡಿದರೆ ದಿನಕ್ಕೆ ಒಂದು ಚಾ ಕೂಡ ಸರಿಯಾಗಿ ಬರುವುದಿಲ್ಲ.

ಆಕಳಿಗೆ ಬೆರಳಚ್ಚಿನ ಗೊಡವೆಯೂ ಇಲ್ಲ. ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹೊಡೆದರೆ ಮುಗಿಯಿತು, ಸಾಯುವವರೆಗೆ ಅದು ತಾನೇ ಎಂದು ಸಾಬೀತಾಗಿರುತ್ತದೆ. ಮುತ್ಯಾಗಳ ಕಿವಿ ಖಾಲಿಯೇ ಇವೆ, ಇಲಾಖೆ ಯೋಚಿಸಬಹುದು. ಅದೇ 2022ರಲ್ಲಿ ಸರ್ಕಾರಿ ನೌಕರರ ಸಂಬಳದಿಂದಲೂ ಪುಣ್ಯಕೋಟಿಗೆ ವಂತಿಗೆ ಗೊತ್ತಾಯಿತು, 'ಎ' ದರ್ಜೆಯ ಅಧಿಕಾರಿಗೆ 11,000. ಅಸ್ಸಾಂ ಸರ್ಕಾರ 2017ರಲ್ಲಿ ಒಂದು ಕಾನೂನು ತಂದು, ತಂದೆ ತಾಯಿಯನ್ನು ನೋಡಿಕೊಳ್ಳದ ನೌಕರನ ಸಂಬಳದಲ್ಲಿ ನೂರಕ್ಕೆ ಹತ್ತರಷ್ಟನ್ನು ಕತ್ತರಿಸಿ ನೇರ ಹೆತ್ತವರಿಗೆ ಕೊಡುತ್ತೇನೆ ಎಂದಿತು. ನಮ್ಮಲ್ಲಿ ಕತ್ತರಿ ಇತ್ತು, ಅದನ್ನು ಗೋಮಾತೆಗೆ ಬಳಸಿಕೊಂಡೆವು. ಹೆತ್ತ ಮಾತೆಯ ಸರದಿ ಬಂದಾಗ ಕತ್ತರಿ ರಿಬ್ಬನ್ನಿಗೆ ಬೇಕಾಯಿತು.

ಆಕಳಾಯಿತು, ಗೋಡೆಯನ್ನೂ ನೋಡಿಬಿಡೋಣ. ಬೀದರದಲ್ಲಿ ಮುಪ್ಪಿಗೆ ಮರ್ಯಾದೆ ಇಲ್ಲ ಎಂದು ಯಾರೂ ಹೇಳಕೂಡದು. 1472ರ ಮಹಮೂದ್ ಗವಾನನ ಮದ್ರಸಾ ಅರ್ಧ ಬಿದ್ದಿದ್ದರೂ ಅದಕ್ಕೆ ಬೇಲಿ, ಹುಲ್ಲುಹಾಸು, ಕಾವಲು, ನೀಲಿ ಬೋರ್ಡು ಎಲ್ಲಾ ಇದೆ. ಬಿದರಿ ಕುಸುರಿಗೆ ಕಪ್ಪೇರಬೇಕಾದರೆ ಹಳೆಯ ಕೋಟೆಯ ಮಣ್ಣೇ ಬೇಕು. ಹೊಸ ಮಣ್ಣಿಗೆ ಆ ಗುಣವಿಲ್ಲ ಎಂದು ಕುಶಲಕರ್ಮಿಗಳು ಹೇಳುತ್ತಾರೆ. ಕೋಟೆಯ ಗೋಡೆಯನ್ನು ಕೆರೆದು ನಿಮ್ಮ ಮತ್ತು ನಿಮ್ಮ ಪ್ರೇಯಸಿಯ ಹೆಸರು ಬರೆದರೆ, ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಅದೇ ಕೋಟೆಯ ಬಾಗಿಲಲ್ಲಿ ನಿಮ್ಮ ತಾಯಿಯನ್ನು ಕೂರಿಸಿ "ಈಗ ಬಂದೆ" ಎಂದು ಹೇಳಿ ಹೈದರಾಬಾದಿನ ಬಸ್ಸು ಹತ್ತಿದರೆ, 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 24ನೇ ಕಲಮಿನಂತೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದ್ದರಿಂದ ಬಿಡುವುದಾದರೆ ತಾಯಿಯನ್ನು ಬಿಡಿ, ದಯವಿಟ್ಟು ಗೋಡೆ ಮುಟ್ಟಬೇಡಿ.

ಆ 2007ರ ಕಾಯ್ದೆ ಓದಲು ಬಲು ಚೆಂದ. 150 ಮಂದಿ ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮ ಜಿಲ್ಲೆಗೆ ಒಂದಾದರೂ ಇರಲಿ ಎಂದು ಅದರ 19ನೇ ಕಲಂ ಕನಸು ಕಾಣುತ್ತದೆ. 2011ರಲ್ಲೇ 17 ಲಕ್ಷ ದಾಟಿದ ಬೀದರ ಜಿಲ್ಲೆಗೆ 150 ಮಂಚ! ಆದರೆ ಕಣ್ಣಿಗೆ ಬೀಳುವುದು ಬಾಡಿಗೆ ಮನೆಯ ಪುಟ್ಟ ಆಶ್ರಮಗಳೇ, ಎರಡು ಖೋಲಿ, ಒಂದು ಪಡಸಾಲೆ, ಮೂರು ಮೆಟ್ಟಿಲು ಇಳಿದು ಹೋಗಬೇಕಾದ ಶೌಚಾಲಯ. ಮೊಣಕಾಲು ಹೋದವರ ಮನೆಗೆ ಮೆಟ್ಟಿಲಿಳಿಯುವ ಶೌಚಾಲಯ ಕಟ್ಟಿದ ಎಂಜಿನಿಯರನಿಗೆ ದೇವರು ದೀರ್ಘಾಯುಷ್ಯ ಕೊಡಲಿ.

ಮಕ್ಕಳು ನೋಡಿಕೊಳ್ಳದಿದ್ದರೆ ಅಸಿಸ್ಟೆಂಟ್ ಕಮಿಷನರರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಗೆ ಬೀದರ, ಬಸವಕಲ್ಯಾಣ ಎರಡು ಉಪವಿಭಾಗ. ವಕೀಲರು ಬೇಕಿಲ್ಲ, 90 ದಿನದಲ್ಲಿ ತೀರ್ಮಾನವಾಗಬೇಕು, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಆ 10,000ದ ಮಿತಿ ತೆಗೆಯುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಸಮಿತಿಗೆ ಹೋಯಿತು, ಕಾಯಿತು, ಕೊನೆಗೆ 2024ರಲ್ಲಿ ಆ ಲೋಕಸಭೆಯ ಜೊತೆಗೇ ತೀರಿಕೊಂಡಿತು. ಹಿರಿಯರ ಮಸೂದೆಯೂ ಮೂಲೆಯಲ್ಲಿ ಬಿದ್ದೇ ಸತ್ತಿತು ಅನ್ನಿ. ಅರ್ಜಿ ಹಾಕು ಎಂದರೆ ನಮ್ಮ ಅಜ್ಜಿ ಕೇಳುವ ಪ್ರಶ್ನೆ ಒಂದೇ: "ಮಗನ ಮ್ಯಾಲ ಕೇಸ್ ಹಾಕಿದ್ರ ನಾಳಿ ನನಗ ಮಣ್ಣು ಕೊಡೋರು ಯಾರು?" ಊಟ ಕೊಡದ ಮಗ ಮಣ್ಣು ಕೊಡುತ್ತಾನೆ ಎಂಬ ಆ ನಂಬಿಕೆ ಮಾತ್ರ ಹುಸಿಯಾಗುವುದಿಲ್ಲ. ಅದಕ್ಕೆ ಅವನು ತಪ್ಪದೆ ಬರುತ್ತಾನೆ, ಬ್ಯಾನರ್ ಸಮೇತ.

ಹೊಲ ಬರೆದುಕೊಡುವ ಕತೆ ಇನ್ನೂ ರುಚಿಯಾದದ್ದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಬರಹಗಾರ "ಪ್ರೀತಿ ವಿಶ್ವಾಸದಿಂದ" ಎಂದು ದಾನಪತ್ರ ಶುರು ಮಾಡುತ್ತಾನೆ. "ಮುಪ್ಪಿನಲ್ಲಿ ನೋಡಿಕೊಳ್ಳುವ ಶರತ್ತಿನ ಮೇಲೆ" ಎಂಬ ಸಾಲನ್ನು ಸೇರಿಸು ಎಂದು ಅಪ್ಪ ಹೇಳುವುದಿಲ್ಲ, ಮಗ ಪಕ್ಕದಲ್ಲೇ ನಿಂತಿರುತ್ತಾನಲ್ಲ. ಕಾಯ್ದೆಯ 23ನೇ ಕಲಮಿನಡಿ ದಾನ ರದ್ದಾಗಬೇಕಾದರೆ ಆ ಶರತ್ತು ಇರಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಹಾಗಾಗಿ ಸಾಹುಕಾರರೇ, ಪ್ರೀತಿ ಎರಡು ಸಾಲು ಕಡಿಮೆಯಾದರೂ ಚಿಂತೆಯಿಲ್ಲ, ಶರತ್ತಿನ ಸಾಲು ಬರೆಸಿಬಿಡಿ. ಮಗನ ಮುಖ ಸಣ್ಣಗಾದರೆ ಅಲ್ಲಿಗೆ ಪರೀಕ್ಷೆಯೂ ಮುಗಿಯಿತು.

ಬರೆಸಿಕೊಂಡ ಮಕ್ಕಳು ಇತ್ತೀಚೆಗೆ ಸರ್ಕಾರಿ ಆಸ್ಪತ್ರೆಯನ್ನು ಕಂಡುಕೊಂಡಿದ್ದಾರೆ. ದಾಖಲು ಮಾಡುವುದು, ತಪ್ಪು ಫೋನ್ ನಂಬರ್ ಕೊಡುವುದು, ಹಣ್ಣು ತರುತ್ತೇನೆ ಎಂದು ಹೊರಡುವುದು. ಬೆಳಗಾವಿಯ ವೈದ್ಯಕೀಯ ಸಂಸ್ಥೆಯೊಂದರಲ್ಲೇ ಹೀಗೆ ಬಿಟ್ಟುಹೋದ 150ಕ್ಕೂ ಹೆಚ್ಚು ಹಿರಿಯರಿದ್ದಾರೆ ಎಂಬ ವಿಷಯ 2025ರ ಮಾರ್ಚಿನಲ್ಲಿ ಹೊರಬಿತ್ತು. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಇಂಥ ಮಕ್ಕಳ ಆಸ್ತಿ ವರ್ಗಾವಣೆ ರದ್ದು ಮಾಡಿಸಿ, ದೂರು ಕೊಡಿ ಎಂದು ಸೂಚಿಸಿದರು. ಅಂಕಿ ಗಮನಿಸಿದಿರಾ? ಕಾಯ್ದೆ ಹೇಳಿದ್ದೂ 150. ಆಶ್ರಮ ಕಟ್ಟದಿದ್ದರೂ ನಿವಾಸಿಗಳು ಸಕಾಲಕ್ಕೆ ಹಾಜರಾಗಿದ್ದಾರೆ, ವಿಳಾಸ ಮಾತ್ರ ವಾರ್ಡಿನದು.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಅವರ ಮಠ ಇವತ್ತಿಗೂ ಯಾರೋ ಬಿಸಾಡಿದ ಹಸುಗೂಸುಗಳನ್ನು ಎತ್ತಿ ಸಾಕುತ್ತಿದೆ. ಹೊರಗೊಂದು ಬೋರ್ಡು ಒಳಗೊಂದು ವ್ಯವಹಾರದ ಆ ಉಪಾಯವನ್ನು ಅವರ ಊರಿನ ನಾವು ಮುಂದುವರಿಸಿದ್ದೇವೆ. ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ: ಗ್ರಾನೈಟಿನ ಮೇಲೆ ಬಂಗಾರದ ಅಕ್ಷರದಲ್ಲಿ "ಮಾತೋಶ್ರೀ ನಿವಾಸ", "ತಾಯಿಯ ಆಶೀರ್ವಾದ", "ಆಯಿ ಕೃಪಾ". ಒಳಗೆ ಹೋಗಿ ಆಯಿ ಎಲ್ಲಿ ಎಂದು ಕೇಳಿದರೆ ಎಲ್ಲರೂ ಒಮ್ಮೆಲೇ ಟೀವಿಯ ಸದ್ದು ಹೆಚ್ಚಿಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ನಾಲ್ಕು ಜನ ಸೇರಿ, ಸ್ವಂತ ಕೈಯಿಂದ ಹಾಕಿ, ಒಂದು ಪುಟ್ಟ ಆಶ್ರಮ ನಡೆಸಿದರೆ ಅದು ಸಂಸ್ಕೃತಿಗೆ ಕಳಂಕ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಅದನ್ನು ಎಣಿಸದ ಅಡುಗೆಯವಳು, ಸಕ್ಕರೆ ಕಾಯಿಲೆಯ ಗುಳಿಗೆ ನೆನಪಿಸುವ ಒಬ್ಬರು, ರಾತ್ರಿ ಕೂಗಿದರೆ ಏಳುವ ಇನ್ನೊಬ್ಬರು ಸಿಕ್ಕುವ ಮನೆ, ಊರಿನ ಆ ಒಂಟಿ ಬೀಗದ ಸಾಲಿಗಿಂತ ಯಾವ ಲೆಕ್ಕದಲ್ಲಿ ಕಡಿಮೆ? ನಾಚಿಕೆಪಡುವ ಜಾಗ ನಾವು ತಪ್ಪಾಗಿ ಆರಿಸಿಕೊಂಡಿದ್ದೇವೆ. ಆ ನಾಚಿಕೆಯಿಂದ ಎಲ್ಲರಿಗೂ ಲಾಭ: ಮಗನಿಗೆ ಮಾನ ಉಳಿಯುತ್ತದೆ, ಸರ್ಕಾರಕ್ಕೆ ಹಣ ಉಳಿಯುತ್ತದೆ, ಅತಿಥಿಗೆ ಭಾಷಣ ಸಿಗುತ್ತದೆ. ಮುದುಕಿಗೆ ಮಾತ್ರ ಮಂಚ ಸಿಗುವುದಿಲ್ಲ. ಜಿಲ್ಲೆಯಲ್ಲಿ ಹಸಿದ ಮುದುಕರನ್ನು ಆಧಾರ್ ಕೇಳದೆ ಪಂಕ್ತಿಯಲ್ಲಿ ಕೂರಿಸುವ ಜಾಗ ಯಾವುದೆಂದು ಕೇಳಿದರೆ ನನಗೆ ಮೊದಲು ಹೊಳೆಯುವುದು ನಾನಕ್ ಝೀರಾದ ಗುರುದ್ವಾರದ ಲಂಗರು. ಅವರು ಕಳಂಕ ಗಿಳಂಕ ಎಂದು ಭಾಷಣ ಮಾಡುವುದಿಲ್ಲ, ದಾಲ್ ಬಡಿಸುತ್ತಾರೆ.

ಇನ್ನು ದಾನಿಗಳು. ವೃದ್ಧಾಶ್ರಮವೆಂದರೆ ಬಾಳೆಹಣ್ಣು ಎಂಬ ಸಮೀಕರಣ ನಮ್ಮ ನಾಯಕರ ಹುಟ್ಟುಹಬ್ಬಗಳು ಕಂಡುಹಿಡಿದದ್ದು. ಒಂದೇ ವಾರದಲ್ಲಿ ಶಾಸಕರದು, ಮಾಜಿ ಶಾಸಕರದು, ಮುಂದೆ ಆಗಲಿರುವವರದು, ಮೂರು ಹುಟ್ಟುಹಬ್ಬ ಬಂದರೆ ಹದಿನೈದು ಜನಕ್ಕೆ ಮೂವತ್ತು ಡಜನ್ ಬಾಳೆಹಣ್ಣು. ಅರ್ಧದಷ್ಟು ಮಂದಿಗೆ ಸಕ್ಕರೆ ಕಾಯಿಲೆ. ಕೇಕನ್ನೂ ತರುತ್ತಾರೆ, ಬಾಯಿಗೂ ತುರುಕುತ್ತಾರೆ, ಹಲ್ಲಿಲ್ಲದ ಬಾಯಿ ಕ್ಯಾಮೆರಾಕ್ಕೆ ಚೆಂದ ಕಾಣುತ್ತದೆಯಂತೆ. ಕಂಬಳಿ ಮೇ ತಿಂಗಳಲ್ಲೂ ಬರುತ್ತದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ; ಆ ಮಗ್ಗುಲು ಬದಲಿಸುವ, ಒದ್ದೆ ಚಾದರ ತೆಗೆಯುವ, ರಾತ್ರಿಪಾಳಿಯ ಹೆಂಗಸಿನ ಪಗಾರಕ್ಕೆ ದಾನಿಗಳಿಲ್ಲ. ಪಗಾರದ ಮೇಲೆ ಹೆಸರು ಬರೆಸಲು ಬರುವುದಿಲ್ಲ. ಫ್ಯಾನಿನ ರೆಕ್ಕೆಯ ಮೇಲೆ ಬರುತ್ತದೆ.

ಈ ಅನಾಹುತಕ್ಕೆ ನನ್ನದೊಂದು ಸಲಹೆ. ಆಶ್ರಮಗಳು ಇನ್ನು ಮುಂದೆ ಬಾಗಿಲಲ್ಲೇ ದರಪಟ್ಟಿ ತೂಗುಹಾಕಲಿ, ಹಣ ನೇರ ಫೋಟೊದಲ್ಲಿರುವ ಹಿರಿಯರ ಕೈಗೆ ಹೋಗಲಿ. ಬಾಳೆಹಣ್ಣು ಕೊಡುವ ಫೋಟೊಕ್ಕೆ 100. ಕಂಬಳಿ ಹೊದಿಸುವ ಫೋಟೊಕ್ಕೆ 300, ಬೇಸಿಗೆಯಲ್ಲಿ ದುಪ್ಪಟ್ಟು. ಕೇಕು ತಿನ್ನಿಸುವುದಕ್ಕೆ 500, ಜೊತೆಗೆ ಮರುದಿನದ ರಕ್ತಪರೀಕ್ಷೆಯ ಖರ್ಚು. ಕಾಲು ಮುಟ್ಟುವುದಕ್ಕೆ 700. ಮೊದಲ ಸಲ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಮುಟ್ಟಿದರೆ 1400. ಅಜ್ಜಿ ಆಶೀರ್ವಾದದ ಕೈ ಎತ್ತಬೇಕಾದರೆ ಬೇರೆ ದರ, ಭುಜದ ನೋವಿರುತ್ತದೆ. ಕಣ್ಣೀರು ಸದ್ಯಕ್ಕೆ ಮಾರಾಟಕ್ಕಿಲ್ಲ. "ಕಳಂಕ" ಎಂಬ ಪದವುಳ್ಳ ಭಾಷಣಕ್ಕೆ ನಿಮಿಷಕ್ಕೆ 1000, ಮುಂಗಡ. ದೊಡ್ಡವರ ಡೈಪರ್ ಪೊಟ್ಟಣ ತಂದವರಿಗೆ ಫೋಟೊ ಸಂಪೂರ್ಣ ಉಚಿತ, ಅದನ್ನು ಎದೆಗೆ ಹಿಡಿದುಕೊಂಡು, ಹೆಸರು ಕಾಣುವಂತೆ, ಕ್ಯಾಮೆರಾ ನೋಡಿ ನಿಲ್ಲುವುದಾದರೆ.